ಮಿಡತೆಯ ಗುರುತು ಮತ್ತು ಹಳೆಯ ಹೊತ್ತಗೆಗಳು

ಕಾಸರಗೋಡಿನ ಅಡಿಕೆ ತೋಟಗಳಲ್ಲಿ ಕತ್ತಲಾದೊಡನೆ ಕಿರಿಗುಟ್ಟಲು ಶುರು ಮಾಡುವ ಹುಳಕ್ಕೆ ಕನ್ನಡದವರು ಜೀರುಂಡೆ ಎನ್ನುತ್ತಾರೆ, ಮಲಯಾಳಿಗಳು ಚೀವೀಡು ಎನ್ನುತ್ತಾರೆ. ತೊಡಕೆಂದರೆ, ಬೇಸಗೆಯ ಹಗಲಿನಲ್ಲಿ ಮರದ ಮೇಲಿಂದ ಕಿವಿಗಡಚಿಕ್ಕುವಂತೆ ಕೂಗುವ, ತಿಗಣೆಗಳ ಬಳಗಕ್ಕೆ ಸೇರಿದ ಸಿಕಾಡವನ್ನೂ ಇದೇ ಹೆಸರುಗಳಿಂದ ಕರೆಯುವುದುಂಟು. ಇದಕ್ಕಾಗಿ ಊರವರನ್ನು ದೂರಬೇಕಾಗಿಲ್ಲ. ಜೀವಿಗಳಿಗೆ ಎರಡು ಪದಗಳ ಹೆಸರಿಡುವ ಕ್ರಮವನ್ನು ನೆಲೆಗೊಳಿಸಿದ ಲಿನೇಯಸ್ ಕೂಡ 1758ರಲ್ಲಿ ಮಿಡತೆ, ಜೀರುಂಡೆಗಳ ಜೊತೆಗೆ ಕೈಮುಗಿದಂತೆ ಕೂರುವ ಮ್ಯಾಂಟಿಸನ್ನೂ ಗ್ರಿಲ್ಲಸ್ ಎಂಬ ಒಂದೇ ಕುಲಕ್ಕೆ ಸೇರಿಸಿಬಿಟ್ಟಿದ್ದ.

ಇಂದು ಮಿಡತೆ, ಜೀರುಂಡೆಗಳ ಆರ್ಥೊಪ್ಟೆರಾ ಎಂಬ ಗಣದಲ್ಲಿ 25 ಸಾವಿರಕ್ಕೂ ಹೆಚ್ಚು ಪ್ರಭೇದಗಳು ದಾಖಲಾಗಿವೆ. ಹಾಗಾಗಿ ಗುಡ್ಡೆಯ ಮುಳಿಹುಲ್ಲಿನಲ್ಲಿ ಸಿಕ್ಕ ಒಂದು ಮಿಡತೆಗೆ ಸರಿಯಾದ ಹೆಸರು ಹುಡುಕಲು ಪುಸ್ತಕದ ನೆರವು ಬೇಕೇ ಬೇಕು. ಆದರೆ ಎಂಥ ಪುಸ್ತಕ? ಬಣ್ಣದ ಚಿತ್ರಗಳ ಕೈಪಿಡಿಯಲ್ಲಿ ಪುಟ ತಿರುವಿ, ‘ಇದೇ ಅದು’ ಎಂದು ಬೆರಳಿಡುವುದು ಸುಲಭ. ತಪ್ಪುವುದೂ ಅಷ್ಟೇ ಸುಲಭ. ಒಂದೇ ಪ್ರಭೇದದ ಮಿಡತೆ ಹಸಿರಾಗಿಯೂ ಇರಬಹುದು, ಕಂದಾಗಿಯೂ ಇರಬಹುದು. ಸತ್ತ ಮೇಲಂತೂ ಹಸಿರು ಬಣ್ಣ ಹೆಚ್ಚು ದಿನ ನಿಲ್ಲುವುದಿಲ್ಲ.

ನನ್ನ ಮಟ್ಟಿಗೆ ಹೆಚ್ಚು ಕಲಿಸುವುದು ಕೀಲಿಯಿರುವ ಪುಸ್ತಕ. ಕೀಲಿಯೆಂದರೆ ಪ್ರಶ್ನೆಗಳ ಸರಪಳಿ: ಹೀಗಿದ್ದರೆ ಈ ಕಡೆ, ಹಾಗಿದ್ದರೆ ಆ ಕಡೆ. ಮೊದಲ ಪ್ರಶ್ನೆ ಕುಡಿಮೀಸೆಯದು. ಅದು ಮೈಗಿಂತ ಉದ್ದವಾಗಿ ನೂಲಿನಂತಿದ್ದರೆ ಜೀರುಂಡೆ ಅಥವಾ ಎಲೆಮಿಡತೆ. ಗಿಡ್ಡವಾಗಿ ದಪ್ಪಗಿದ್ದರೆ ಹುಲ್ಲುಮಿಡತೆ. ಉದ್ದಮೀಸೆಯವುಗಳ ಕಿವಿ ಮುಂಗಾಲಿನ ಮೊಣಕಾಲ ಕೆಳಗಿರುತ್ತದೆ, ಗಿಡ್ಡಮೀಸೆಯವುಗಳದು ಹೊಟ್ಟೆಯ ಮೊದಲ ಖಂಡದ ಪಕ್ಕದಲ್ಲಿ. ಜೀರುಂಡೆಯ ಪಾದಕ್ಕೆ ಮೂರು ಗೆಣ್ಣು, ಎಲೆಮಿಡತೆಯದಕ್ಕೆ ನಾಲ್ಕು. ಹೆಣ್ಣಾದರೆ ಮೊಟ್ಟೆಯಿಡುವ ಅಂಗವನ್ನೂ ನೋಡಬಹುದು: ಜೀರುಂಡೆಗೆ ಸೂಜಿಯಂಥದು, ಎಲೆಮಿಡತೆಗೆ ಕತ್ತಿಯಂಥದು. ಹುಲ್ಲುಮಿಡತೆಯನ್ನು ಅಂಗಾತ ಹಿಡಿದರೆ ಕೆಲವು ಗುಂಪುಗಳಲ್ಲಿ ಮುಂಗಾಲುಗಳ ನಡುವೆ ಪುಟ್ಟ ಮೊಳೆಯೊಂದು ಕಾಣುತ್ತದೆ. ಗದ್ದೆಯ ಭತ್ತ ತಿನ್ನುವ ಆಕ್ಸಿಯಾ, ಹೈರೋಗ್ಲಿಫಸ್‌ಗಳಿಗೆ ಆ ಮೊಳೆಯಿದೆ. ಬಾಲ್ಯದಿಂದ ಮಿಡತೆ ಹಿಡಿದವರೂ ಅದನ್ನು ನೋಡಿರುವುದಿಲ್ಲ, ಏಕೆಂದರೆ ಅಲ್ಲಿ ನೋಡಬೇಕೆಂದು ಯಾರೂ ಹೇಳಿರುವುದಿಲ್ಲ.

ನಮ್ಮ ಭಾಗಕ್ಕೆ ಒದಗುವ ಹಳೆಯ ಪುಸ್ತಕಗಳಲ್ಲಿ ಎರಡು 1914ರಲ್ಲಿಯೇ ಬಂದವು. ಒಂದು, ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಗಾಗಿ ಡಬ್ಲ್ಯು. ಎಫ್. ಕಿರ್ಬಿ ಬರೆದ, ಗಿಡ್ಡಮೀಸೆಯ ಮಿಡತೆಗಳ ಸಂಪುಟ. ಇನ್ನೊಂದು, ಟಿ. ಬೇನ್‌ಬ್ರಿಗ್ ಫ್ಲೆಚರ್ ಅವರ ‘ಸಮ್ ಸೌತ್ ಇಂಡಿಯನ್ ಇನ್ಸೆಕ್ಟ್ಸ್’. ಆಗ ಕಾಸರಗೋಡು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. 1956ರಲ್ಲಿ ರಾಜ್ಯದ ಗಡಿ ಬದಲಾಯಿತಾದರೂ ಫ್ಲೆಚರ್ ಬರೆದ ಬೆಳೆಕೀಟಗಳು ಈ ಗದ್ದೆ ತೋಟಗಳಿಗೆ ಹೊರಗಿನವಾಗಿಲ್ಲ. ಯುರೋಪಿನ ಹೊಸ ಬಣ್ಣದ ಕೈಪಿಡಿಗಿಂತ ಅವರ ಪುಸ್ತಕ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಜೀರುಂಡೆಗಳಿಗೆ ಲೂಸಿಯನ್ ಶೋಪಾರ್ ಅವರ 1969ರ ಸಂಪುಟವಿದೆ. ಹಳೆಯ ಪುಸ್ತಕದಲ್ಲಿ ಸಿಕ್ಕ ಹೆಸರು ಈಗಲೂ ಚಾಲ್ತಿಯಲ್ಲಿದೆಯೇ ಎಂಬುದನ್ನು ‘ಆರ್ಥೊಪ್ಟೆರಾ ಸ್ಪೀಶೀಸ್ ಫೈಲ್’ ಎಂಬ ಅಂತರಜಾಲದ ಪಟ್ಟಿಯಲ್ಲಿ ಪರೀಕ್ಷಿಸಿಕೊಳ್ಳಬೇಕು; ಕುಟುಂಬಗಳೇ ಒಡೆದು ಬೇರೆಯಾಗಿರುವುದುಂಟು.

ಕೀಲಿಗಳು ಸಾಮಾನ್ಯವಾಗಿ ಬೆಳೆದ ಹುಳಕ್ಕಾಗಿ ಬರೆದಂಥವು. ಮರಿಯನ್ನು ಹಿಡಿದುಕೊಂಡು ಕೀಲಿಗೆ ಇಳಿದವನು ಎಲ್ಲೋ ಹೋಗಿ ನಿಲ್ಲುತ್ತಾನೆ. ರೆಕ್ಕೆ ಗಿಡ್ಡವಾಗಿದ್ದ ಮಾತ್ರಕ್ಕೆ ಮರಿಯೆನ್ನುವಂತೆಯೂ ಇಲ್ಲ, ಗಿಡ್ಡರೆಕ್ಕೆಯ ಪ್ರೌಢ ಪ್ರಭೇದಗಳೂ ಇವೆ. ಇದಕ್ಕೊಂದು ಉಪಾಯವಿದೆ: ಬಲಿತ ಮರಿಯಲ್ಲಿ ಹಿಂದಿನ ರೆಕ್ಕೆಯ ಮೊಗ್ಗು ಮುಂದಿನದರ ಮೇಲೆ ಮಡಿಸಿರುತ್ತದೆ, ಪ್ರೌಢ ಕೀಟದಲ್ಲಿ ಮುಂದಿನ ರೆಕ್ಕೆಯೇ ಮೇಲಿರುತ್ತದೆ.

ಕಿರ್ಬಿ ಮತ್ತು ಶೋಪಾರ್ ಸಂಪುಟಗಳೆರಡರಲ್ಲೂ ಎಲೆಮಿಡತೆಗಳಿಗೆ ಜಾಗವಿಲ್ಲ. ಒಣಗಿದ ಎಲೆಯಂತೆಯೋ ಹಸಿರೆಲೆಯಂತೆಯೋ ಕಾಣುವ, ಉದ್ದ ಹಿಂಗಾಲಿನ ಮೆಕೊಪೋಡ ಇವುಗಳಲ್ಲೊಂದು. ಅದರ ಎಲಾಂಗೇಟ ಪ್ರಭೇದಕ್ಕೆ ಹೆಸರಿಟ್ಟವನೂ ಲಿನೇಯಸನೇ. 2006ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಮತ್ತು ಸಹೋದ್ಯೋಗಿ, ದಕ್ಷಿಣ ಭಾರತದ ಮೆಕೊಪೋಡಗಳಲ್ಲಿ ಮೈಕಟ್ಟಿನಿಂದ ಬೇರ್ಪಡಿಸಲಾಗದ, ಆದರೆ ಐದು ಬಗೆಯ ಹಾಡುಗಳಿರುವ ಗಂಡುಗಳನ್ನು ವರದಿ ಮಾಡಿದರು. ಒಂದು ಹಾಡಿಗೆ ‘ರೈಲು’, ಇನ್ನೊಂದಕ್ಕೆ ‘ಹೆಲಿಕಾಪ್ಟರ್’ ಎಂದು ಹೆಸರಿಟ್ಟರು. ಮೈಯನ್ನಷ್ಟೇ ಓದುವ ಕೀಲಿ ಇಲ್ಲಿ ಐದನ್ನೂ ಒಂದೇ ಹೆಸರಿಗೆ ತಂದು ಬಿಡುತ್ತದೆ. ಹಾಗಾಗಿ ಈಗ ಹುಳದ ಜೊತೆಗಿಡುವ ಚೀಟಿಯಲ್ಲಿ ಊರು, ದಿನಾಂಕ, ಕೂತಿದ್ದ ಗಿಡ ಬರೆದ ಮೇಲೆ, ಹಿಡಿಯುವ ಮುನ್ನ ಅದು ಹಾಡಿದ ಹಾಡನ್ನು ಮೊಬೈಲಿನಲ್ಲಿ ದಾಖಲಿಸಿ, ಆ ಕಡತದ ಸಂಖ್ಯೆಯನ್ನೂ ಬರೆದಿಡುತ್ತೇನೆ.