ರೇಡಿಯೇಷನ್ ಆದ ಮೇಲೆ ಮಜ್ಜೆ ಏನಾಗುತ್ತದೆ? ಸ್ಕ್ಯಾನ್‌ಗಳು ಹೇಳಿದ ಕಥೆ

ಗರ್ಭಕೊರಳಿನ ಕ್ಯಾನ್ಸರ್‌ಗೆ ಸೊಂಟದ ಭಾಗಕ್ಕೆ ದಿನಕ್ಕೆ 1.8 ಗ್ರೇಯಂತೆ (ಗ್ರೇ ಎಂದರೆ ವಿಕಿರಣದ ಡೋಸ್ ಅಳೆಯುವ ಮಾನ) 25 ಸಲ, ಒಟ್ಟು 45 ಗ್ರೇ ವಿಕಿರಣ ಕೊಡುವುದು ರೂಢಿ. ಜೊತೆಗೆ ವಾರಕ್ಕೊಮ್ಮೆ ಸಿಸ್ಪ್ಲಾಟಿನ್ ಎಂಬ ಕೀಮೋ ಔಷಧಿ. ಎಷ್ಟೋ ಸಲ ನಡುವೆಯೇ ಬಿಳಿ ರಕ್ತಕಣಗಳು ಕುಸಿದು ಔಷಧಿ ತಪ್ಪುತ್ತದೆ. ವಯಸ್ಕರಲ್ಲಿ ರಕ್ತ ಹುಟ್ಟಿಸುವ ಕೆಂಪು ಮಜ್ಜೆಯ ದೊಡ್ಡ ಪಾಲು ಇರುವುದೇ ಸೊಂಟ ಮತ್ತು ಬೆನ್ನಿನ ಮೂಳೆಗಳಲ್ಲಿ, ವಿಕಿರಣದ ಪೆಟ್ಟು ಅದಕ್ಕೂ ಬೀಳುತ್ತದೆ.

ಯಾವ ಮೂಳೆಯ ಮಜ್ಜೆ ಸೋತಿದೆ ಎಂಬುದು ರಕ್ತಪರೀಕ್ಷೆಯಲ್ಲಿ ತಿಳಿಯದು. ಸೂಜಿ ಹಾಕಿ ತೆಗೆದ ಮಾದರಿ ಒಂದೇ ಜಾಗದ್ದು. 1970ರ ದಶಕದಲ್ಲಿ ಟೆಕ್ನೀಷಿಯಂ ಸಲ್ಫರ್ ಕೊಲಾಯ್ಡ್ ಎಂಬ ವಿಕಿರಣಶೀಲ ವಸ್ತು ಚುಚ್ಚಿ ತೆಗೆಯುವ ಸ್ಕ್ಯಾನ್ ಇತ್ತು. ಆದರೆ ಆ ವಸ್ತುವಿನ ಬಹುಪಾಲನ್ನು ಯಕೃತ್ತು, ಗುಲ್ಮಗಳೇ ಹೀರಿಕೊಂಡು ಪಕ್ಕದ ಬೆನ್ನುಮೂಳೆಯನ್ನು ಮರೆಮಾಡುತ್ತಿದ್ದವು.

ದಾರಿ ತೆರೆದದ್ದು ಎಂಆರ್‌ಐ. ವಿಕಿರಣಕ್ಕೆ ಸೋತ ಕೆಂಪು ಮಜ್ಜೆಯ ಜಾಗವನ್ನು ಕೊಬ್ಬು ತುಂಬಿ ಅದು ಹಳದಿ ಮಜ್ಜೆಯಾಗುತ್ತದೆ. ಕೆಂಪು ಮಜ್ಜೆಯಲ್ಲಿ ಕೊಬ್ಬು ಸುಮಾರು 40%, ಹಳದಿ ಮಜ್ಜೆಯಲ್ಲಿ 80%. ಟಿ1 ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ಕೊಬ್ಬು ಬೆಳ್ಳಗೆ ಹೊಳೆಯುತ್ತದೆ. ಮೊದಲ ಎರಡು ವಾರ ಟಿ1ನಲ್ಲಿ ಹೆಚ್ಚೇನೂ ಕಾಣದು. ಕೊಬ್ಬಿನ ಹೊಳಪನ್ನು ಅಡಗಿಸುವ ಸ್ಟಿರ್ ಚಿತ್ರದಲ್ಲಿ ಮಾತ್ರ ಊತ ಕಾಣುತ್ತದೆ, ಅದನ್ನೇ ಗಡ್ಡೆ ಎಂದು ಓದುವ ಅಪಾಯವೂ ಇದೆ. ಮೂರರಿಂದ ಆರು ವಾರದಲ್ಲಿ ಬಿಳಿ ಚುಕ್ಕೆಗಳು ಏಳುತ್ತವೆ, ಆಮೇಲೆ ಇಡೀ ಮೂಳೆ ಬಿಳಿಯಾಗುತ್ತದೆ. ಕಿರಣದ ಅಂಚು ನಿಂತಲ್ಲಿ ಬಿಳುಪೂ ಗೆರೆ ಎಳೆದಂತೆ ನಿಲ್ಲುತ್ತದೆ. ಡೋಸ್ ಕಡಿಮೆ ಇದ್ದಲ್ಲಿ ಕೆಂಪು ಮಜ್ಜೆ ಮರಳಬಹುದು. 40 ಗ್ರೇ ದಾಟಿದಲ್ಲಿ ಬಹುಮಟ್ಟಿಗೆ ಮರಳದು.

ಕಣ್ಣಂದಾಜನ್ನು ಅಂಕಿಯಾಗಿಸಿದ್ದು 1984ರ ಡಿಕ್ಸನ್ ವಿಧಾನ. 1.5 ಟೆಸ್ಲಾ ಯಂತ್ರದಲ್ಲಿ ನೀರು, ಕೊಬ್ಬಿನ ಸಿಗ್ನಲ್‌ಗಳು ಪರಸ್ಪರ ಎದುರಾಗುವ ಸುಮಾರು 2.3 ಮತ್ತು ಒಂದುಗೂಡುವ 4.6 ಮಿಲಿಸೆಕೆಂಡಿಗೆ ಎರಡು ಚಿತ್ರ ತೆಗೆದರೆ ನೀರು, ಕೊಬ್ಬು ಬೇರ್ಪಡುತ್ತವೆ. ಆದರೆ ಮೂಳೆಯ ಜಾಲರಿಯಿಂದಾಗಿ ಸಿಗ್ನಲ್ ಬೇಗ ಕುಗ್ಗುವುದರಿಂದ ಎರಡೇ ಚಿತ್ರ ನಂಬಿದರೆ ಲೆಕ್ಕ ತಪ್ಪುತ್ತದೆ. ಆರು ಎಕೋ, ಅಂದರೆ ಆರು ಬೇರೆ ಬೇರೆ ಕ್ಷಣಗಳ ಸಿಗ್ನಲ್, ತೆಗೆಯುವುದೇ ಮೇಲು. ಚಿಕಿತ್ಸೆಯ ಮೊದಲು ಮತ್ತು ನಂತರ ಯಂತ್ರ, ಸೆಟ್ಟಿಂಗ್, ಅಳೆಯುವ ಮೂಳೆ ಒಂದೇ ಇರಬೇಕು.

ಕೊಬ್ಬು ಕಾಣುವ ಹೊತ್ತಿಗೆ ನಷ್ಟ ಆಗಿಹೋಗಿರುತ್ತದೆ. ಎಫ್‌ಎಲ್‌ಟಿ ಎಂಬ ವಿಕಿರಣಶೀಲ ಗುರುತು-ವಸ್ತು ಚುಚ್ಚಿ ತೆಗೆಯುವ ಪೆಟ್ ಸ್ಕ್ಯಾನ್ ವಿಭಜನೆಯಾಗುತ್ತಿರುವ ಕೋಶಗಳನ್ನೇ ತೋರಿಸುವುದರಿಂದ ಚಿಕಿತ್ಸೆಯ ಆರಂಭದಲ್ಲೇ ಕುಸಿತ ಹಿಡಿಯುತ್ತದೆ. ಬಿಳಿ ರಕ್ತಕಣ ಹೆಚ್ಚಿಸುವ ಇಂಜೆಕ್ಷನ್ ಕೊಟ್ಟಿದ್ದರೆ ಮಜ್ಜೆ ಸುಳ್ಳೇ ಹೊಳೆಯುತ್ತದೆ. ಅದನ್ನು ಕೇಳಿಕೊಂಡೇ ಚಿತ್ರ ಓದಬೇಕು. ಮಜ್ಜೆ ಉಳಿಸುವ ಐಎಂಆರ್‌ಟಿ (ಕಿರಣದ ತೀವ್ರತೆಯನ್ನು ಜಾಗಕ್ಕೆ ತಕ್ಕಂತೆ ಹೊಂದಿಸುವ ವಿಕಿರಣ ಚಿಕಿತ್ಸೆ) ಯೋಜನೆಯಲ್ಲಿ 10 ಗ್ರೇ ಅಥವಾ ಹೆಚ್ಚು ತಾಗುವ ಮಜ್ಜೆ 90%ಕ್ಕಿಂತ, 20 ಗ್ರೇ ಅಥವಾ ಹೆಚ್ಚು ತಾಗುವುದು 75%ಕ್ಕಿಂತ ಕಡಿಮೆ ಇರಲಿ ಎಂಬ ಮಿತಿ ಬಳಕೆಯಲ್ಲಿದೆ. ಇಡೀ ಮೂಳೆಯನ್ನೇ ಮಜ್ಜೆ ಎಂದು ಗುರುತಿಸಿದರೆ ಕೊಬ್ಬನ್ನೂ ಕಾಯಲು ಹೋದಂತೆ. ಪೆಟ್ ಇದ್ದರೆ ಜೀವಂತ ಭಾಗವನ್ನಷ್ಟೇ ಕಾಯಬಹುದು.

ವರ್ಷಗಳ ಬಳಿಕ ಬಿಳಿ ಮಜ್ಜೆಯ ನಡುವೆ ಹೊಸ ಕಪ್ಪು ಕಂಡರೆ ಎಲ್ಲರೂ ಗಾಬರಿಯಾಗುತ್ತಾರೆ. ತ್ರಿಕಾಸ್ಥಿಯ (ಬೆನ್ನುಮೂಳೆಯ ಬುಡದಲ್ಲಿ ಸೊಂಟದ ಮೂಳೆಗಳ ನಡುವಿನ ತ್ರಿಕೋನ ಮೂಳೆ) ಎರಡೂ ಬದಿಯಲ್ಲಿ, ಅದು ಸೊಂಟದ ಮೂಳೆಗೆ ಸೇರುವ ಕೀಲಿಗೆ ಸಮಾನಾಂತರವಾಗಿ ಗೆರೆಯಿದ್ದು ಸುತ್ತ ಊತವಿದ್ದರೆ ಅದು ಬಹುತೇಕ ದುರ್ಬಲ ಮೂಳೆಯ ಬಿರುಕು. ಕ್ಯಾನ್ಸರ್ ಹರಡಿದೆ ಎಂದು ಬರೆಯುವ ಮೊದಲು ಸಿಟಿಯಲ್ಲಿ ಆ ಗೆರೆಯನ್ನು ಹುಡುಕಬೇಕು.