ಆರಿಸಿದ್ದು ಯಾರು? ಮಹಿಳೆಯರ ರಾಜಕೀಯ ಪಾಲಿನ ಬಗ್ಗೆ ನಮ್ಮ ಓದಿನ ಟಿಪ್ಪಣಿ

ಗೋರೆಗಾಂವ್‌ನಲ್ಲಿ ನಾವು ಐದಾರು ಜನ ಭಾನುವಾರ ಸೇರಿ ರಾಜ್ಯಶಾಸ್ತ್ರ ಓದುತ್ತೇವೆ. ಎಲ್ಲರೂ ಮುಂಬೈಗೆ ಬಂದು ನೆಲೆಸಿದ ಕನ್ನಡದವರು. ಕೆಲಸ, ಸಂಸಾರದ ನಡುವೆ ಎಂ.ಎ. ಪರೀಕ್ಷೆ ಕಟ್ಟಿದವರು. ‘ಅಭಿವೃದ್ಧಿಶೀಲ ದೇಶಗಳಲ್ಲಿ ಮಹಿಳೆಯರ ಹಕ್ಕು ಮತ್ತು ರಾಜಕೀಯ ಪಾಲ್ಗೊಳ್ಳುವಿಕೆ’ ಎಂಬ ಪಾಠ ನಮಗೆ ಮೊದಲ ಸಲ ತಲೆಗೆ ಹತ್ತಲಿಲ್ಲ. ದೇಶದ ಹೆಸರು, ಇಸವಿ, ಶೇಕಡಾ ಇಷ್ಟು ಎಂಬ ಅಂಕಿ. ಓದಿದ್ದು ಮರುದಿನ ಲೋಕಲ್ ಟ್ರೇನ್ ಹತ್ತುವಷ್ಟರಲ್ಲಿ ಮರೆತುಹೋಗುತ್ತಿತ್ತು.

ಆಮೇಲೆ ಒಂದೇ ಪ್ರಶ್ನೆ ಕೈಯಲ್ಲಿ ಹಿಡಿದು ಓದಿದೆವು. ಕುರ್ಚಿಯ ಮೇಲೆ ಕೂತ ಆ ಹೆಂಗಸನ್ನು ಆರಿಸಿದ್ದು ಯಾರು? ಜನರೋ, ಪಕ್ಷವೋ, ಮನೆಯವರೋ? ಈ ಪ್ರಶ್ನೆ ಕೇಳುತ್ತಾ ಹೋದರೆ ಇಡೀ ಪಾಠ ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಮೊದಲು ಹೆಸರು

1951-52ರ ಮೊದಲ ಮಹಾಚುನಾವಣೆಯಿಂದ ಶುರು ಮಾಡಿ. ಸಂವಿಧಾನದ 326ನೇ ವಿಧಿ ವಯಸ್ಕರೆಲ್ಲರಿಗೂ ಮತ ಕೊಟ್ಟಿತ್ತು. ಗಂಡು, ಹೆಣ್ಣು ಎಂಬ ಭೇದ ಇರಲಿಲ್ಲ. ಆದರೆ ಪಟ್ಟಿ ಬರೆಯಲು ಮನೆಗೆ ಹೋದಾಗ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಎಂದಷ್ಟೇ ಹೇಳಿದರು. ಪರಪುರುಷನ ಎದುರು ಹೆಸರು ಹೇಳಬಾರದು ಎಂಬ ಸಂಕೋಚ. ಆಗಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನ್ ಇದನ್ನು ಒಪ್ಪಲಿಲ್ಲ. ಸ್ವಂತ ಹೆಸರಿಲ್ಲದ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಬಿದ್ದರು. ಕಠಿಣವಾಯಿತು ಅನ್ನಿಸುತ್ತದೆ, ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ಈಗ ಅವರು ಮಾಡಿದ್ದು ಸರಿ ಅನ್ನಿಸುತ್ತದೆ. ‘ಇಂಥವರ ಹೆಂಡತಿ’ ಎಂದೇ ಬರೆದುಕೊಂಡಿದ್ದರೆ ಆ ರೂಢಿ ಗಟ್ಟಿಯಾಗುತ್ತಿತ್ತು.

ಮೊನ್ನೆ 2019 ಮತ್ತು 2024ರ ಲೋಕಸಭಾ ಚುನಾವಣೆಗಳಲ್ಲಿ ಹೆಂಗಸರ ಮತದಾನದ ಪ್ರಮಾಣ ಗಂಡಸರಿಗಿಂತ ಕೂದಲೆಳೆಯಷ್ಟು ಜಾಸ್ತಿ ಇತ್ತು. ಇದನ್ನು ಉತ್ತರದಲ್ಲಿ ಬರೆಯಿರಿ. ಜೊತೆಗೆ ಪಟ್ಟಿಯಲ್ಲಿ ಇರುವವರ ಲೆಕ್ಕ ಮಾತ್ರ ಇದು ಎಂದೂ ಬರೆಯಿರಿ. ಕಲಬುರಗಿ, ವಿಜಯಪುರದ ಕಡೆಯಿಂದ ಮುಂಬೈ, ಪುಣೆ, ಗೋವಾಕ್ಕೆ ಕಟ್ಟಡ ಕೆಲಸಕ್ಕೆ ಬಂದ ನಮ್ಮ ಹೆಂಗಸರನ್ನು ನೆನೆಸಿಕೊಳ್ಳಿ. ಪುಣೆಯ ಮಜೂರ್ ಅಡ್ಡಾದಲ್ಲಿ, ಅಂದರೆ ಕೂಲಿಯವರು ಕೆಲಸಕ್ಕೆ ಕಾಯುವ ಜಾಗದಲ್ಲಿ, ಬೆಳಿಗ್ಗೆ ಬುತ್ತಿ ಹಿಡಿದು ನಿಂತವರಲ್ಲಿ ಎಷ್ಟೋ ಜನರ ಹೆಸರು ಇನ್ನೂ ಊರಿನ ಪಟ್ಟಿಯಲ್ಲೇ ಇರುತ್ತದೆ. ಅವರಿಗೆ ನೀರು ಬೇಕಾದದ್ದು ಇಲ್ಲಿ. ಮತ ಇರುವುದು ಅಲ್ಲಿ. ಕಾನೂನು ಅಡ್ಡಿ ಮಾಡುವುದಿಲ್ಲ. ಸಾಮಾನ್ಯವಾಗಿ ಎಲ್ಲಿ ವಾಸವೋ ಅಲ್ಲಿ ಹೆಸರು ಸೇರಿಸಬಹುದು, ಸ್ವಂತ ಮನೆ ಇರಬೇಕಿಲ್ಲ. ಹೊಸದಾಗಿ ಸೇರಲು ಫಾರಂ 6, ಜಾಗ ಬದಲಾದರೆ ಫಾರಂ 8. ಇದು ಪರೀಕ್ಷೆಗೆ ಬಾರದಿದ್ದರೂ ಗೊತ್ತಿರಲಿ.

ಈ ಊರಿಗೂ ನಮಗೂ ಇರುವ ಹಳೆ ನಂಟು

ಹಿನ್ನೆಲೆ ಬರೆಯುವಾಗ ಎಲ್ಲರೂ 1848ರಲ್ಲಿ ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ ಶುರು ಮಾಡಿದ ಶಾಲೆಯ ಬಗ್ಗೆ ಬರೆಯುತ್ತಾರೆ. ಬರೆಯಲೇಬೇಕು. ಅದರ ಜೊತೆ ಇನ್ನಿಬ್ಬರನ್ನು ಸೇರಿಸಿ. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಪುಣೆಯಲ್ಲಿ 1882ರಲ್ಲಿ ಆರ್ಯ ಮಹಿಳಾ ಸಮಾಜ ಕಟ್ಟಿದರು. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಅದೇ ವರ್ಷ ಮುಂಬೈ ಕಾಂಗ್ರೆಸ್ ಅಧಿವೇಶನಕ್ಕೆ ಪ್ರತಿನಿಧಿಗಳಾಗಿ ಹೋದ ಹೆಂಗಸರಲ್ಲಿ ಅವರೂ ಇದ್ದರು.

ಇನ್ನೊಬ್ಬರು ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ. 1921ರಲ್ಲಿ ಮದ್ರಾಸ್ ಮತ್ತು ಬಾಂಬೆ ಪ್ರಾಂತ್ಯಗಳು ಹೆಂಗಸರಿಗೆ ಮತ ಕೊಟ್ಟಿದ್ದವು. ಆದರೆ ಆಸ್ತಿ, ತೆರಿಗೆ ಇದ್ದವರಿಗೆ ಮಾತ್ರ. ಅಂದರೆ ಬೆರಳೆಣಿಕೆಯಷ್ಟು ಜನ. 1926ರಲ್ಲಿ ಕಮಲಾದೇವಿ ಮದ್ರಾಸ್ ಶಾಸನಸಭೆಗೆ ಸ್ಪರ್ಧಿಸಿ ಕೆಲವೇ ಮತಗಳಿಂದ ಸೋತರು. 1927ರ ಜನವರಿಯಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನದ ಮೊದಲ ಸಭೆ ನಡೆಯಿತು. ಸಂಘಟನೆಯ ಹೊಣೆ ಹೊತ್ತವರಲ್ಲಿ ಕಮಲಾದೇವಿಯೂ ಒಬ್ಬರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಮುಂಬೈಯ ಷೇರು ಪೇಟೆಯ ಒಳಗೇ ಹೋಗಿ ಉಪ್ಪಿನ ಪೊಟ್ಟಣ ಮಾರಿದ್ದು ಇವರೇ.

ಕೋಟಾ ಅಂದರೆ ಒಂದೇ ಬಗೆ ಅಲ್ಲ

ನಮ್ಮ ಗುಂಪಿನಲ್ಲಿ ಜಾಸ್ತಿ ಗೊಂದಲವಾದದ್ದು ಇಲ್ಲಿ. ಎಲ್ಲವನ್ನೂ ‘ಮೀಸಲಾತಿ’ ಎಂದು ಬರೆದರೆ ಅಂಕ ಹೋಗುತ್ತದೆ. ನಮ್ಮ ಪ್ರಶ್ನೆಯನ್ನು ಇಲ್ಲಿ ಹಚ್ಚಿ ನೋಡಿ.

ಅರ್ಜೆಂಟೀನಾ 1991ರಲ್ಲಿ ಕಾನೂನು ಮಾಡಿತು: ಪಕ್ಷಗಳ ಅಭ್ಯರ್ಥಿ ಪಟ್ಟಿಯಲ್ಲಿ ಶೇ. 30 ಹೆಂಗಸರಿರಬೇಕು. ಅಲ್ಲಿ ಕುರ್ಚಿಯನ್ನು ತೆಗೆದಿಟ್ಟಿಲ್ಲ, ಟಿಕೆಟ್ ತೆಗೆದಿಟ್ಟಿದ್ದಾರೆ. ಬಾಂಗ್ಲಾದೇಶದಲ್ಲಿ ಜನ ನೇರವಾಗಿ ಆರಿಸುವ 300 ಸ್ಥಾನಗಳ ಮೇಲೆ ಹೆಂಗಸರಿಗೆಂದು 50 ಸ್ಥಾನ ಸೇರಿಸಿದರು. ಅವನ್ನು ಪಕ್ಷಗಳು ತಮ್ಮ ಬಲಕ್ಕೆ ತಕ್ಕಂತೆ ಹಂಚಿಕೊಳ್ಳುವ ಪದ್ಧತಿ. ಆ ಹೆಂಗಸಿಗೆ ಸ್ವಂತ ಕ್ಷೇತ್ರ ಇಲ್ಲ, ಅವಳನ್ನು ಹುಡುಕಿ ಬರುವ ಮತದಾರರಿಲ್ಲ. ಮುಂದಿನ ಸಲವೂ ಬರಬೇಕೆಂದರೆ ಪಕ್ಷದ ನಾಯಕರ ಮನಸ್ಸು ಹಿಡಿಯಬೇಕು.

ರುವಾಂಡಾದ್ದು ಬೇರೆ ಕತೆ. 1994ರ ನರಮೇಧದಲ್ಲಿ ದೇಶವೇ ಮುರಿದುಬಿತ್ತು. 2003ರ ಸಂವಿಧಾನ ಹೆಂಗಸರಿಗೆ ಕನಿಷ್ಠ ಶೇ. 30 ಎಂದಿತು. ಕೆಳಮನೆಯ 80 ಸ್ಥಾನಗಳಲ್ಲಿ 24 ಹೆಂಗಸರಿಗೇ ಮೀಸಲು. 2008ರಲ್ಲಿ ಅದು ಹೆಂಗಸರೇ ಅರ್ಧಕ್ಕಿಂತ ಜಾಸ್ತಿ ಇರುವ ಜಗತ್ತಿನ ಮೊದಲ ಸಂಸತ್ತಾಯಿತು. 2013ರಲ್ಲಿ 80ರಲ್ಲಿ 51. ಈ ಅಂಕಿ ಕಂಡು ನನಗೆ ಖುಷಿಯಾಯಿತು. ಆದರೆ ಆಳುವ ಪಕ್ಷವನ್ನು ಎದುರಿಸುವುದೇ ಕಷ್ಟವಾದ ದೇಶದಲ್ಲಿ ಸಂಖ್ಯೆ ಒಂದೇ ಸಾಲದು. ಎರಡನ್ನೂ ಬರೆಯಿರಿ.

ನೇಪಾಳ 2017ರ ಸ್ಥಳೀಯ ಚುನಾವಣೆಯಲ್ಲಿ ಮೇಯರ್, ಉಪಮೇಯರ್ ಎರಡೂ ಸ್ಥಾನಕ್ಕೆ ಅಭ್ಯರ್ಥಿ ಹಾಕುವ ಪಕ್ಷ ಒಬ್ಬ ಹೆಂಗಸನ್ನು ನಿಲ್ಲಿಸಲೇಬೇಕು ಎಂದಿತು. ಪಕ್ಷಗಳು ಹೆಚ್ಚಿನ ಕಡೆ ಗಂಡಸನ್ನು ಮೇಯರ್‌ಗೆ, ಹೆಂಗಸನ್ನು ಉಪಮೇಯರ್‌ಗೆ ನಿಲ್ಲಿಸಿದವು. ಆದರೂ ಪ್ರತಿ ವಾರ್ಡಿನಲ್ಲಿ ಒಬ್ಬ ದಲಿತ ಮಹಿಳೆಗೆ ಸ್ಥಾನ ಇಟ್ಟದ್ದು ದೊಡ್ಡ ಮಾತು.

ಒಬ್ಬ ಮಹಿಳೆ ಮೇಲೇರಿದ ಮಾತ್ರಕ್ಕೆ ಉಳಿದವರಿಗೆ ದಾರಿ ಆಯಿತು ಎನ್ನುವಂತಿಲ್ಲ. ಶ್ರೀಲಂಕಾದಲ್ಲಿ 1960ರಲ್ಲೇ ಸಿರಿಮಾವೊ ಬಂಡಾರನಾಯಕೆ ಜಗತ್ತಿನ ಮೊದಲ ಮಹಿಳಾ ಪ್ರಧಾನಿಯಾದರು, ಗಂಡನ ಹತ್ಯೆಯ ನಂತರ. ಗೋವಾದಲ್ಲಿ 1973ರಲ್ಲೇ ಶಶಿಕಲಾ ಕಾಕೋಡ್ಕರ್ ಮುಖ್ಯಮಂತ್ರಿಯಾದರು, ತಂದೆ ತೀರಿಕೊಂಡ ನಂತರ. ಅದೇ ಗೋವಾದಲ್ಲಿ 2022ರಲ್ಲಿ 40 ಶಾಸಕರಲ್ಲಿ ಹೆಂಗಸರು 3. ನಮ್ಮ ಕರ್ನಾಟಕದಲ್ಲಿ 2023ರಲ್ಲಿ 224ರಲ್ಲಿ 10.

ಮುಂಬೈಯ ವಾರ್ಡುಗಳು ಹೇಳಿದ್ದು

ಇದೇ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ನಿಧಾನವಾಗಿ ಓದಿ.

ಮೊದಲು ಕಾನೂನು. ಕರ್ನಾಟಕ 1983ರ ಕಾಯ್ದೆಯಲ್ಲೇ ಪಂಚಾಯಿತಿಗಳಲ್ಲಿ ಹೆಂಗಸರಿಗೆ ಶೇ. 25 ಇಟ್ಟಿತ್ತು, 1987ರಲ್ಲಿ ಚುನಾವಣೆಯೂ ಆಯಿತು. ಆಗ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಹೆಸರು ಇಲ್ಲಿ ಬರಲೇಬೇಕು. ನಂತರ ಸಂವಿಧಾನದ 73 ಮತ್ತು 74ನೇ ತಿದ್ದುಪಡಿ, 1993ರಿಂದ ಜಾರಿ. ಹಳ್ಳಿಗೆ 243ಡಿ ವಿಧಿ, ನಗರಕ್ಕೆ 243ಟಿ. ಎರಡರಲ್ಲೂ ಹೆಂಗಸರ ಪಾಲು ಮೂರನೇ ಒಂದಕ್ಕಿಂತ ಕಡಿಮೆ ಇರಬಾರದು. ಕರ್ನಾಟಕ, ಮಹಾರಾಷ್ಟ್ರ ಎರಡೂ ಆಮೇಲೆ ಅದನ್ನು ಅರ್ಧಕ್ಕೆ ಏರಿಸಿದವು. ಮುಂಬೈ ಪಾಲಿಕೆಯಲ್ಲಿ 2017ರಲ್ಲಿ 227 ವಾರ್ಡುಗಳಲ್ಲಿ 114 ಹೆಂಗಸರಿಗೆ ಇದ್ದವು.

ಯಾವ ವಾರ್ಡ್ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಇಲ್ಲಿನವರು ಅದನ್ನು ‘ಸೋಡತ್’ ಅನ್ನುತ್ತಾರೆ. ಸಂಶೋಧಕರಿಗೆ ಇದು ಸಿಕ್ಕ ಭಾಗ್ಯ. ಚೀಟಿ ಎತ್ತಿದ್ದರಿಂದ ಮೀಸಲಾದ ವಾರ್ಡಿಗೂ ಆಗದ ವಾರ್ಡಿಗೂ ಬೇರೆ ವ್ಯತ್ಯಾಸ ಇರುವುದಿಲ್ಲ. ಒಂದೇ ಹೊಲದ ಎರಡು ಪಟ್ಟಿಗೆ ಬೇರೆ ಬೇರೆ ಗೊಬ್ಬರ ಹಾಕಿ ನೋಡಿದ ಹಾಗೆ.

ರಿಖಿಲ್ ಭಾವನಾನಿ ಎಂಬ ವಿದ್ವಾಂಸರು ಮುಂಬೈಯ 1997 ಮತ್ತು 2002ರ ಚುನಾವಣೆ ನೋಡಿದರು. ಅವರ ಪ್ರಶ್ನೆ ಸರಳ. ಮೀಸಲಾತಿ ತೆಗೆದ ಮೇಲೆ ಏನಾಗುತ್ತದೆ? 1997ರಲ್ಲಿ ಹೆಂಗಸರಿಗೆ ಮೀಸಲಾಗಿ 2002ರಲ್ಲಿ ಎಲ್ಲರಿಗೂ ತೆರೆದ ವಾರ್ಡುಗಳನ್ನು, ಎರಡೂ ಸಲ ತೆರೆದೇ ಇದ್ದ ವಾರ್ಡುಗಳ ಜೊತೆ ಹೋಲಿಸಿದರು. ಹಿಂದೆ ಮೀಸಲಾಗಿದ್ದ ವಾರ್ಡಿನಲ್ಲಿ ಹೆಂಗಸು ಗೆಲ್ಲುವ ಸಾಧ್ಯತೆ ಸುಮಾರು ಐದು ಪಟ್ಟು ಇತ್ತು. ಕಾರಣ ಎರಡು. ಗೆಲ್ಲಬಲ್ಲ ಹೆಂಗಸರು ರಾಜಕೀಯಕ್ಕೆ ಬಂದರು. ಹೆಂಗಸೂ ಗೆಲ್ಲುತ್ತಾಳೆ ಎಂಬುದು ಪಕ್ಷಗಳಿಗೆ ಗೊತ್ತಾಯಿತು.

ಈ ಎರಡನೇ ಕಾರಣಕ್ಕೆ ಅಡಿಗೆರೆ ಹಾಕಿ. ಜನ ಮತ ಹಾಕಲು ತಯಾರಿದ್ದರೂ ಟಿಕೆಟ್ ಕೊಡುವ ಕೈ ಹಿಂಜರಿಯುತ್ತಿತ್ತು.

ನೀರು

ಆರಿಸಿ ಬಂದರೆ ಕೆಲಸ ಬದಲಾಗುತ್ತದೆಯೇ? ಪಶ್ಚಿಮ ಬಂಗಾಳ, ರಾಜಸ್ಥಾನದ ಪಂಚಾಯಿತಿಗಳ ಬಗ್ಗೆ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ 2004ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ. ಮಹಿಳಾ ಮುಖ್ಯಸ್ಥೆ ಇದ್ದ ಕಡೆ ಕುಡಿಯುವ ನೀರಿಗೆ ಜಾಸ್ತಿ ಕೆಲಸ ಆಗಿತ್ತು. ಊರಿನ ಹೆಂಗಸರು ಜಾಸ್ತಿ ದೂರು ಕೊಡುತ್ತಿದ್ದದ್ದೂ ನೀರಿನ ಬಗ್ಗೆಯೇ.

ಇದನ್ನು ಓದುವಾಗ ನಮಗೆ ಗೋರೆಗಾಂವ್‌ನ ಮೃಣಾಲ್ ಗೋರೆ ನೆನಪಾದರು. ಆಗ ಮೀಸಲಾತಿಯೇ ಇರಲಿಲ್ಲ. 1961ರಲ್ಲಿ ಪಾಲಿಕೆಗೆ ಗೆದ್ದರು, 1972ರಲ್ಲಿ ವಿಧಾನಸಭೆಗೆ, 1977ರಲ್ಲಿ ಲೋಕಸಭೆಗೆ. ಇಲ್ಲಿನ ಬಡವರ ಬಸ್ತಿಗಳಿಗೆ ನಲ್ಲಿ ನೀರು ಬರಲಿ ಎಂದು ಹೋರಾಡಿದ್ದಕ್ಕೆ ಜನ ‘ಪಾಣಿವಾಲಿ ಬಾಯಿ’ ಎಂದು ಕರೆದರು. 1972ರಿಂದ ಬೆಲೆ ಏರಿಕೆ ವಿರುದ್ಧ ಅಹಿಲ್ಯಾ ರಾಂಗಣೇಕರ್ ಮತ್ತು ಇವರು ಕರೆದ ಮೆರವಣಿಗೆಗಳಿಗೆ ಹೆಂಗಸರು ಲಟ್ಟಣಿಗೆ, ತಟ್ಟೆ ಹಿಡಿದು ಬಂದರು. ನಮ್ಮ ಗುಂಪಿನ ಹಿರಿಯ ಅಕ್ಕ ಚಿಕ್ಕವಳಿದ್ದಾಗ ಆ ತಟ್ಟೆಯ ಸದ್ದು ಕೇಳಿದ್ದಾಳೆ. ಅವಳು ಅದನ್ನು ಹೇಳುವಾಗ ನಾವು ಪುಸ್ತಕ ಮುಚ್ಚಿ ಕೇಳಿದೆವು.

ಗೆದ್ದ ಮೇಲೆ

ಎರಡು ವರ್ಷ ನಾನಿದ್ದ ಒಂದು ವಾರ್ಡಿನಲ್ಲಿ ಚರಂಡಿಯ ದೂರು ಹಿಡಿದು ನಗರಸೇವಿಕೆಯ (ಪಾಲಿಕೆ ಸದಸ್ಯೆಯ) ಕಚೇರಿಗೆ ಮೂರು ಸಲ ಹೋದೆ. ಮೂರು ಸಲವೂ ಅವರ ಗಂಡ ದೂರು ತೆಗೆದುಕೊಂಡರು. ಆಯಮ್ಮನ ಮುಖವನ್ನು ನಾನು ನೋಡಿದ್ದು ಬ್ಯಾನರಿನಲ್ಲಿ ಮಾತ್ರ. ಮಹಾರಾಷ್ಟ್ರದ ಹಳ್ಳಿಗಳಲ್ಲಿ ಇದಕ್ಕೆ ‘ಸರಪಂಚ ಪತಿ’ ಎಂಬ ಹೆಸರೇ ಇದೆ. ನನಗೆ ಸಿಟ್ಟು ಬಂದಿತ್ತು, ಇವತ್ತಿಗೂ ಇದೆ. ಆದರೆ ಇದರಿಂದ ಮೀಸಲಾತಿಯೇ ಬೇಡ ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಮೊದಲ ಅವಧಿಯಲ್ಲಿ ಗಂಡನ ಹಿಂದೆ ನಿಂತವಳು ಎರಡನೇ ಅವಧಿಯಲ್ಲಿ ಮುಂದೆ ಬರಬಹುದು. ಮೀಸಲು ವಾರ್ಡ್ ಪ್ರತಿ ಚುನಾವಣೆಗೆ ಬದಲಾದರೆ ಆ ಎರಡನೇ ಅವಧಿ ಅವಳಿಗೆ ಸುಲಭವಾಗಿ ಸಿಗುವುದಿಲ್ಲ.

ಹೆದರಿಸಿ ರಾಜೀನಾಮೆ ಕೊಡಿಸುವುದೂ ಇದೆ. ಬೊಲಿವಿಯಾದಲ್ಲಿ ಹುವಾನಾ ಕಿಸ್ಪೆ ಎಂಬ ಕೌನ್ಸಿಲರ್ ಕೊಲೆಯಾದ ನಂತರ, 2012ರಲ್ಲಿ, ರಾಜಕೀಯದಲ್ಲಿರುವ ಹೆಂಗಸರ ಮೇಲಿನ ಕಿರುಕುಳ, ಹಿಂಸೆಯನ್ನೇ ಅಪರಾಧ ಮಾಡಿದ ಕಾನೂನು ಬಂತು. ಅದರ ಸಂಖ್ಯೆ 243. ನಮ್ಮ 243ಡಿ ಜೊತೆ ಸೇರಿಸಿ ನೆನಪಿಡಿ, ಮರೆಯುವುದಿಲ್ಲ.

ಕೊನೆಗೆ 106ನೇ ತಿದ್ದುಪಡಿ

ಸಂಸತ್ತಿನಲ್ಲಿ ಮಹಿಳಾ ಮೀಸಲಾತಿಯ ಮೊದಲ ಮಸೂದೆ ಬಂದದ್ದು 1996ರ ಸೆಪ್ಟೆಂಬರ್‌ನಲ್ಲಿ, ದೇವೇಗೌಡರ ಸರ್ಕಾರ ಇದ್ದಾಗ. 2010ರಲ್ಲಿ ರಾಜ್ಯಸಭೆ ಒಪ್ಪಿತು, ಲೋಕಸಭೆಯಲ್ಲಿ ನಿಂತುಹೋಯಿತು. 2023ರ ಸೆಪ್ಟೆಂಬರ್‌ನಲ್ಲಿ 106ನೇ ತಿದ್ದುಪಡಿ ಆಯಿತು. ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು. ರಾಜ್ಯಸಭೆ, ವಿಧಾನಪರಿಷತ್ತಿಗೆ ಇಲ್ಲ. ಜನಗಣತಿ, ಆಮೇಲೆ ಕ್ಷೇತ್ರ ಮರುವಿಂಗಡಣೆ, ಆಮೇಲೆ ಮೀಸಲಾತಿ ಎಂದು ಅದರಲ್ಲಿ ಬರೆದಿದೆ. ಹಾಗಾಗಿ 2024ರ ಚುನಾವಣೆ ಹಳೆಯ ಹಾಗೆಯೇ ನಡೆಯಿತು, 543ರಲ್ಲಿ 74 ಹೆಂಗಸರು ಗೆದ್ದರು. 2019ರಲ್ಲಿ 78 ಇದ್ದರು.

ಈ ತಿದ್ದುಪಡಿಯಲ್ಲಿ ಮೀಸಲು ಸೀಟು ಬದಲಾಗುವುದು ಪ್ರತಿ ಮರುವಿಂಗಡಣೆಯ ನಂತರ. ಪಾಲಿಕೆಯ ಹಾಗೆ ಪ್ರತಿ ಚುನಾವಣೆಗೂ ಅಲ್ಲ. ಒಬ್ಬ ಹೆಂಗಸು ಒಂದೇ ಕ್ಷೇತ್ರದಲ್ಲಿ ಎರಡು, ಮೂರು ಸಲ ನಿಲ್ಲಬಹುದು. ಮುಂಬೈಯ ವಾರ್ಡುಗಳ ಅಧ್ಯಯನ ಓದಿದವರು ಈ ವ್ಯತ್ಯಾಸವನ್ನು ಹಿಡಿದು ಬರೆಯಬಹುದು. ಮುಂದಿನ ಭಾನುವಾರ ನಾವು ಇದನ್ನೇ ಹತ್ತು ಅಂಕದ ಪ್ರಶ್ನೆಯಾಗಿ ಬರೆದು ತರುತ್ತಿದ್ದೇವೆ. ನೀವೂ ಬರೆದು ನೋಡಿ.