ಒಂದೂವರೆಯಿಂದ 0.15ಕ್ಕೆ: ಸೀಸದ ಮಿತಿ ಕಟ್ಟುವ ಲೆಕ್ಕ

1978ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಗಾಳಿಯಲ್ಲಿ ಇರಬಹುದಾದ ಸೀಸದ ಮಿತಿಯನ್ನು ಘನ ಮೀಟರಿಗೆ 1.5 ಮೈಕ್ರೋಗ್ರಾಂ ಎಂದು ನಿಗದಿ ಮಾಡಿತು. 2008ರಲ್ಲಿ ಅದೇ ಸಂಸ್ಥೆ, ಅದೇ ಕಾನೂನಿನಡಿ, ಅದನ್ನು 0.15ಕ್ಕೆ ಇಳಿಸಿತು. ಸರಿಯಾಗಿ ಹತ್ತನೇ ಒಂದು ಪಾಲು. ಈ ಎರಡು ಅಂಕಿಗಳ ಹಿಂದಿನ ಲೆಕ್ಕಗಳು ಅರ್ಧ ಹಾಳೆಯಲ್ಲಿ ಮುಗಿಯುವಷ್ಟು ಸಣ್ಣವು. ಇಲ್ಲೇ ಮಾಡಿ ನೋಡಬಹುದು.

ಮೊದಲು 1978ರದ್ದು. ಮಗುವಿನ ರಕ್ತದಲ್ಲಿ ಡೆಸಿಲೀಟರಿಗೆ, ಅಂದರೆ 100 ಮಿಲಿಲೀಟರಿಗೆ, 30 ಮೈಕ್ರೋಗ್ರಾಂವರೆಗೆ ಸೀಸವಿದ್ದರೆ ಪರವಾಗಿಲ್ಲ ಎಂದು ಆಗ ನಂಬಿದ್ದರು. ಸಾವಿರಕ್ಕೆ 995 ಮಕ್ಕಳು 30ರ ಒಳಗೇ ಉಳಿಯಬೇಕಾದರೆ ಎಲ್ಲ ಮಕ್ಕಳ ಸರಾಸರಿ 15ರ ಆಸುಪಾಸಿನಲ್ಲಿರಬೇಕು. ಆ 15ರಲ್ಲಿ 12 ಊಟ, ನೀರು, ಬಣ್ಣ, ಮಣ್ಣಿನಿಂದ ಬರುತ್ತದೆ ಎಂದು ಇಟ್ಟುಕೊಂಡರು. ಉಳಿದ 3 ಗಾಳಿಯ ಪಾಲು. ಗಾಳಿಯಲ್ಲಿ 1 ಮೈಕ್ರೋಗ್ರಾಂ ಏರಿದರೆ ರಕ್ತದಲ್ಲಿ 2 ಏರುತ್ತದೆ. ಮೂರನ್ನು ಎರಡರಿಂದ ಭಾಗಿಸಿ: 1.5.

ಇದರಲ್ಲಿ ಅತಿ ಸಡಿಲವಾದ ಕೊಂಡಿ ಆ 12. ಅದನ್ನು ಯಾವ ದೇವರೂ ಬರೆದು ಕಳಿಸಿರಲಿಲ್ಲ. ದಶಕಗಳ ಕಾಲ ಪೆಟ್ರೋಲಿಗೂ ಬಣ್ಣಕ್ಕೂ ಸೀಸ ಬೆರೆಸಿದ್ದರ ಫಲ ಅದು. ಮಣ್ಣಿನಲ್ಲಿದ್ದ ಸೀಸದಲ್ಲಿ ಒಂದಷ್ಟು ಗಾಳಿಯಿಂದಲೇ ಇಳಿದು ಕೂತದ್ದು. ಅದನ್ನು 'ಗಾಳಿಯದಲ್ಲ' ಎಂಬ ಖಾತೆಗೆ ಬರೆದುಬಿಟ್ಟಿದ್ದರು.

2008ರ ಲೆಕ್ಕ ರಕ್ತದಿಂದ ಶುರುವಾಗಲಿಲ್ಲ, ಬುದ್ಧಿಶಕ್ತಿಯಿಂದ ಶುರುವಾಯಿತು. ಸೀಸದ ಮೂಲದ ಹತ್ತಿರ ಬೆಳೆಯುವ ಮಕ್ಕಳು ಗಾಳಿಯ ಸೀಸದಿಂದಾಗಿ ಸರಾಸರಿ 2 ಐಕ್ಯೂ ಅಂಕಕ್ಕಿಂತ ಹೆಚ್ಚು ಕಳೆದುಕೊಳ್ಳಬಾರದು ಎಂಬುದು ಗುರಿ. ರಕ್ತದಲ್ಲಿ 1 ಮೈಕ್ರೋಗ್ರಾಂ ಏರಿದರೆ 1.75 ಅಂಕ ಹೋಗುತ್ತದೆ. ಗಾಳಿಯಲ್ಲಿ 1 ಏರಿದರೆ ರಕ್ತದಲ್ಲಿ 7 ಏರುತ್ತದೆ. ಏಳನ್ನು 1.75ರಿಂದ ಗುಣಿಸಿದರೆ 12.25, ಎರಡನ್ನು ಅದರಿಂದ ಭಾಗಿಸಿದರೆ 0.163. ಕೆಳಕ್ಕೆ ಸರಿಸಿ 0.15.

ಎರಡು ಇದ್ದದ್ದು ಏಳು ಹೇಗಾಯಿತು? ಮುಖ್ಯ ಕಾರಣ, ಉಸಿರಿನಲ್ಲಿ ಒಳಹೋಗುವ ಸೀಸದ ಜೊತೆಗೆ ನೆಲದ ಮೇಲೆ ಕೂರುವ ಸೀಸವನ್ನೂ ಈ ಸಲ ಗಾಳಿಯ ಖಾತೆಗೇ ಹಾಕಿದರು. ಅಂಬೆಗಾಲಿಡುವ ಮಗು ನೆಲ ಮುಟ್ಟಿ ಅದೇ ಕೈಯನ್ನು ಬಾಯಿಗೆ ಹಾಕುತ್ತದೆ. ರಕ್ತದ ಸೀಸ ಒಂದೂವರೆ-ಎರಡು ವರ್ಷದ ಹೊತ್ತಿಗೆ ಗರಿಷ್ಠ ಮಟ್ಟ ಮುಟ್ಟುವುದು ಅದಕ್ಕೇ. ದೊಡ್ಡವರ ಕರುಳು ನುಂಗಿದ ಸೀಸದಲ್ಲಿ ಸುಮಾರು ಹತ್ತನೇ ಒಂದು ಪಾಲು ಹೀರಿಕೊಂಡರೆ ಪುಟ್ಟ ಮಕ್ಕಳದ್ದು ಅರ್ಧದಷ್ಟನ್ನು ಹೀರಿಕೊಳ್ಳುತ್ತದೆ. ದೇಹ ಸೀಸವನ್ನು ಕ್ಯಾಲ್ಸಿಯಂ ಎಂದು ತಪ್ಪು ತಿಳಿಯುತ್ತದೆ. ಕಬ್ಬಿಣದ ಕೊರತೆ ಇರುವ ಮಗುವಾದರೆ ಹೀರಿಕೆ ಇನ್ನೂ ಹೆಚ್ಚು.

ಎರಡು ಅಂಕ ಎಂದರೆ ಎಷ್ಟು ಮಹಾ, ಎಂದು ಕೇಳುವವರಿದ್ದಾರೆ. ಒಂದು ಮಗುವಿನಲ್ಲಿ ಅದು ಗೊತ್ತಾಗುವುದೂ ಇಲ್ಲ. ಲಕ್ಷ ಮಕ್ಕಳಲ್ಲಿ ಗೊತ್ತಾಗುತ್ತದೆ. ಸರಾಸರಿ 100 ಇದ್ದಾಗ 70ಕ್ಕಿಂತ ಕೆಳಗಿರುವವರು ಲಕ್ಷಕ್ಕೆ ಸುಮಾರು 2,300. ಸರಾಸರಿ ಬರೀ ಐದು ಅಂಕ ಇಳಿದು 95 ಆದರೆ ಆ ಸಂಖ್ಯೆ 4,800ರ ಹತ್ತಿರ ಹೋಗುತ್ತದೆ. ವಿಶೇಷ ಶಿಕ್ಷಕರು ಎಷ್ಟು ಬೇಕು ಎಂದು ಲೆಕ್ಕ ಹಾಕುವ ಸರ್ಕಾರಕ್ಕೆ ಇದು ಸಣ್ಣ ವ್ಯತ್ಯಾಸವಲ್ಲ.

ಬುದ್ಧಿಶಕ್ತಿಯಿಂದ ಲೆಕ್ಕ ಹಾಕಲು ಸಾಧ್ಯವಾದದ್ದು ಹಲ್ಲುಗಳಿಂದ. 1979ರಲ್ಲಿ ಮಕ್ಕಳ ವೈದ್ಯ ಹರ್ಬರ್ಟ್ ನೀಡಲ್‌ಮನ್ ಬೋಸ್ಟನ್ ಪಕ್ಕದ ಚೆಲ್ಸಿ, ಸಮರ್‌ವಿಲ್ ಊರುಗಳ ಶಾಲಾಮಕ್ಕಳ ಉದುರಿದ ಹಾಲುಹಲ್ಲು ಸಂಗ್ರಹಿಸಿ ಸೀಸ ಅಳೆದರು. ರಕ್ತದ ಸೀಸ ತಿಂಗಳೊಪ್ಪತ್ತಿನಲ್ಲಿ ಅರ್ಧಕ್ಕಿಳಿಯುತ್ತದೆ. ಹಲ್ಲು ಮಾತ್ರ ಹಳೆಯದನ್ನು ಮರೆಯುವುದಿಲ್ಲ. ವಿಷದ ಯಾವ ಲಕ್ಷಣವೂ ಇಲ್ಲದ ಮಕ್ಕಳಲ್ಲೂ, ಹಲ್ಲಿನಲ್ಲಿ ಸೀಸ ಹೆಚ್ಚಿದ್ದವರ ಐಕ್ಯೂ ಕಡಿಮೆ ಇತ್ತು. 2005ರಲ್ಲಿ ಬ್ರೂಸ್ ಲ್ಯಾನ್‌ಫಿಯರ್ ಮತ್ತು ಜೊತೆಗಾರರು ಏಳು ಅಧ್ಯಯನಗಳ 1,333 ಮಕ್ಕಳ ಅಂಕಿಅಂಶ ಒಟ್ಟುಗೂಡಿಸಿದಾಗ ಇನ್ನೊಂದು ಸಂಗತಿ ಕಂಡಿತು. ರಕ್ತದ ಸೀಸ 2.4ರಿಂದ 10ಕ್ಕೆ ಏರುವಾಗ ಹೋಗುವುದು 3.9 ಅಂಕ; 10ರಿಂದ 20ಕ್ಕೆ ಏರುವಾಗ 1.9; 20ರಿಂದ 30ಕ್ಕೆ 1.1. ಅಂದರೆ ಹೆಚ್ಚಿನ ನಷ್ಟ ಆಗುವುದು ಮೊದಲ ಮೆಟ್ಟಿಲುಗಳಲ್ಲೇ. 30ರ ಕೆಳಗೆ ಚಿಂತೆಯಿಲ್ಲ ಎಂದು ಕಟ್ಟಿದ್ದ 1978ರ ಲೆಕ್ಕಕ್ಕೆ ಬುಡವೇ ಉಳಿಯಲಿಲ್ಲ.

ಸಂಶೋಧನೆ ಬಂದ ಮಾತ್ರಕ್ಕೆ ಮಿತಿ ಬದಲಾಗುವುದಿಲ್ಲ ಎನ್ನುವುದೂ ಇಲ್ಲಿ ಕಾಣುತ್ತದೆ. ಐದು ವರ್ಷಕ್ಕೊಮ್ಮೆ ಮರುಪರಿಶೀಲನೆ ಮಾಡಬೇಕೆಂದು ಕಾನೂನೇ ಹೇಳಿದ್ದರೂ 1.5 ಹಾಗೇ ಕೂತಿತ್ತು. ಹರ್ಕ್ಯುಲೇನಿಯಂ ಎಂಬ ಊರಿನ ಸೀಸ ಕರಗಿಸುವ ದೊಡ್ಡ ಕಾರ್ಖಾನೆ ಇದ್ದ ಮಿಸೌರಿ ರಾಜ್ಯದ ಪರಿಸರ ಸಂಘಟನೆಯೊಂದು ಕೋರ್ಟಿಗೆ ಹೋಗಿ 2005ರಲ್ಲಿ ಆದೇಶ ತಂದ ಮೇಲೆಯೇ ಕಡತ ಅಲ್ಲಾಡಿದ್ದು. ಆ ಕುಲುಮೆ 2013ರ ಕೊನೆಗೆ ಆರಿತು. ಇನ್ನೊಂದು ತೀರ್ಪು ಅದಕ್ಕಿಂತ ಹಳೆಯದು: ಮಿತಿ ಪಾಲಿಸಲು ಕಾರ್ಖಾನೆಗೆ ಎಷ್ಟು ಖರ್ಚಾಗುತ್ತದೆ ಎಂಬುದನ್ನು ಗಾಳಿಯ ಮಿತಿ ಕಟ್ಟುವಾಗ ನೋಡುವಂತಿಲ್ಲ ಎಂದು 1980ರಲ್ಲೇ ಕೋರ್ಟ್ ಉದ್ಯಮಗಳಿಗೆ ಹೇಳಿತ್ತು. ಅದಿಲ್ಲದಿದ್ದರೆ 0.15 ಹುಟ್ಟುತ್ತಿತ್ತೇ ಎನ್ನುವುದು ಅನುಮಾನ.

ಈಗ ಅಂಕಿಯಷ್ಟೇ ಮುಖ್ಯವಾದ, ಆದರೆ ಸುದ್ದಿಯಲ್ಲಿ ಯಾರೂ ಬರೆಯದ ಭಾಗ. ಹಳೆಯ ಮಿತಿಯನ್ನು ಕ್ಯಾಲೆಂಡರ್ ತ್ರೈಮಾಸಿಕದ ಸರಾಸರಿಯಿಂದ ಪರೀಕ್ಷಿಸುತ್ತಿದ್ದರು. ಉದಾಹರಣೆಗೆ ಒಂದು ಕಾರ್ಖಾನೆ ಪಕ್ಕದ ಗಾಳಿಯಲ್ಲಿ ಜನವರಿ, ಫೆಬ್ರವರಿಯಲ್ಲಿ 0.05, ಮಾರ್ಚ್‌ನಲ್ಲಿ 0.25, ಏಪ್ರಿಲ್‌ನಲ್ಲಿ 0.20, ಮೇ, ಜೂನ್‌ನಲ್ಲಿ ಮತ್ತೆ 0.05 ಇತ್ತೆನ್ನಿ. ಮೊದಲ ತ್ರೈಮಾಸಿಕ 0.12, ಎರಡನೆಯದು 0.10. ಮಿತಿ 0.15 ಎಂದೇ ಇಟ್ಟುಕೊಂಡರೂ ಎರಡೂ ಪಾಸು. ಫೆಬ್ರವರಿ-ಮಾರ್ಚ್-ಏಪ್ರಿಲ್ ಒಟ್ಟಿಗೆ ಹಿಡಿದರೆ 0.17, ಫೇಲು. ಮಗುವಿನ ರಕ್ತಕ್ಕೆ ಮಾರ್ಚ್ 31ರಂದು ಲೆಕ್ಕ ಮುಗಿಯಿತು ಎಂದೇನೂ ಗೊತ್ತಿರುವುದಿಲ್ಲ. ಅದಕ್ಕೇ 2008ರ ನಿಯಮ ಯಾವುದೇ ಸತತ ಮೂರು ತಿಂಗಳನ್ನು ಹಿಡಿಯುತ್ತದೆ. ಭಾರತದ 2009ರ ಮಾನದಂಡ ವರ್ಷದ ಸರಾಸರಿಗೆ 0.50, ದಿನದ ಸರಾಸರಿಗೆ 1.0. ಅಂಕಿಯೂ ಬೇರೆ, ಕಿಟಕಿಯ ಅಗಲವೂ ಬೇರೆ. ನೇರವಾಗಿ ಹೋಲಿಸಲು ಬರುವುದಿಲ್ಲ.

ನೀರಿನಲ್ಲಿ ಈ ತೊಡಕು ಇನ್ನೂ ದೊಡ್ಡದು. ಅಮೆರಿಕದ 1991ರ ನಿಯಮದ ಪ್ರಕಾರ ಲೀಟರಿಗೆ 15 ಮೈಕ್ರೋಗ್ರಾಂ ಆರೋಗ್ಯದ ಮಿತಿಯೇ ಅಲ್ಲ. ಪರೀಕ್ಷಿಸಿದ ಮನೆಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮನೆಗಳು ಅದನ್ನು ದಾಟಿದರೆ ನೀರು ಸರಬರಾಜುದಾರರು ಕ್ರಮ ತೆಗೆದುಕೊಳ್ಳಬೇಕು, ಅಷ್ಟೆ. ನಲ್ಲಿಯನ್ನು ಕನಿಷ್ಠ ಆರು ಗಂಟೆ ಮುಟ್ಟದೆ ಬಿಟ್ಟು ಮೊದಲ ಒಂದು ಲೀಟರ್ ಹಿಡಿಯಬೇಕು. ಆದರೆ ಮೊದಲ ಲೀಟರಿನಲ್ಲಿ ಬರುವುದು ನಲ್ಲಿಯ ಮತ್ತು ಮನೆಯೊಳಗಿನ ಪೈಪಿನ ನೀರು. ರಸ್ತೆಯಿಂದ ಮನೆಗೆ ಬರುವ ಸೀಸದ ಪೈಪಿನಲ್ಲಿ ರಾತ್ರಿಯೆಲ್ಲ ನಿಂತ ನೀರು ಬರುವುದು ಐದನೇ ಲೀಟರಿನ ಹೊತ್ತಿಗೆ. ಹಿಂದಿನ ರಾತ್ರಿ ನಲ್ಲಿ ಬಿಟ್ಟು ಪೈಪು ತೊಳೆದರೆ, ನಲ್ಲಿಯ ಬಾಯಲ್ಲಿ ಸೀಸದ ಚೂರು ಸಿಕ್ಕಿಕೊಂಡಿರುವ ಜಾಲರಿ ಬಿಚ್ಚಿಟ್ಟರೆ, ಅಂಕಿ ತಾನಾಗಿ ಇಳಿಯುತ್ತದೆ. 2014ರ ಏಪ್ರಿಲ್‌ನಲ್ಲಿ ಮಿಷಿಗನ್ ರಾಜ್ಯದ ಫ್ಲಿಂಟ್ ನಗರ ನದಿ ನೀರಿಗೆ ಬದಲಾದಾಗ ತುಕ್ಕು ತಡೆಯುವ ಫಾಸ್ಫೇಟ್ ಸೇರಿಸಲಿಲ್ಲ. ಪೈಪಿನ ಒಳಗೋಡೆಯ ರಕ್ಷಣೆಯ ಪದರ ಕಿತ್ತು ಸೀಸ ನೀರಿಗೆ ಬಂತು. ಮರುವರ್ಷದ 71 ಮಾದರಿಗಳಲ್ಲಿ ಎರಡನ್ನು 'ನಿಯಮಕ್ಕೆ ಹೊಂದುವುದಿಲ್ಲ' ಎಂದು ತೆಗೆದುಹಾಕಿದರು. ನೂರಕ್ಕೆ ಹತ್ತು ಮನೆಗಳು ದಾಟುವ ಅಂಕಿ 15ರ ಮೇಲಿದ್ದದ್ದು 11ಕ್ಕೆ ಇಳಿಯಿತು. ಕಾಗದದ ಮೇಲೆ ಫ್ಲಿಂಟ್ ಪಾಸಾಗಿತ್ತು. 2024ರ ನಿಯಮ 15ನ್ನು 10ಕ್ಕೆ ಇಳಿಸಿದ್ದಲ್ಲದೆ, ಸೀಸದ ಪೈಪಿರುವ ಮನೆಗಳಲ್ಲಿ ಮೊದಲ ಮತ್ತು ಐದನೇ ಲೀಟರ್ ಎರಡನ್ನೂ ಹಿಡಿದು ಹೆಚ್ಚಿನದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದಿತು. ಎರಡನೆಯ ಬದಲಾವಣೆಯೇ ದೊಡ್ಡದು ಎನ್ನಬೇಕು.

ಅಮೆರಿಕದಲ್ಲಿರುವ ಕನ್ನಡಿಗರ ಮನೆಗಳಿಗೆ ಹೆಚ್ಚು ಪರಿಚಯದ್ದು ರಕ್ತದ ಅಂಕಿ. ಒಂದು, ಎರಡು ವರ್ಷದ ಮಗುವಿನ ವರದಿಯಲ್ಲಿ ಸೀಸ ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ ದಾಟಿದ್ದರೆ ಆಸ್ಪತ್ರೆಯಿಂದ ಫೋನ್ ಬರುತ್ತದೆ. 1960ರಲ್ಲಿ 60 ಇದ್ದ ಈ ಅಂಕಿ 40, 30, 25, 10, 5 ಎಂದು ಇಳಿದು 2021ರಲ್ಲಿ 3.5ಕ್ಕೆ ಬಂತು. ಇದು 'ಇಷ್ಟರವರೆಗೆ ಸುರಕ್ಷಿತ' ಎನ್ನುವ ಗೆರೆಯಲ್ಲ. ಒಂದರಿಂದ ಐದು ವರ್ಷದ ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಹೆಚ್ಚು ಸೀಸವಿರುವ ನೂರಕ್ಕೆ ಎರಡೂವರೆ ಮಕ್ಕಳು ಎಲ್ಲಿಂದ ಶುರುವಾಗುತ್ತಾರೆ ಎನ್ನುವ ಗುರುತು. 12 ಕಿಲೋ ತೂಗುವ ಮಗುವಿನ ಇಡೀ ರಕ್ತದಲ್ಲಿ ಆಗ ಇರುವ ಸೀಸ ಸುಮಾರು 30 ಮೈಕ್ರೋಗ್ರಾಂ. ಒಂದು ಸಕ್ಕರೆ ಹರಳೇ ಅದರ ಹತ್ತು ಪಟ್ಟಿಗಿಂತ ಹೆಚ್ಚು ತೂಗುತ್ತದೆ. ಹಾಗಾಗಿ ಬೆರಳು ಚುಚ್ಚಿ ತೆಗೆದ ಹನಿಗೆ ಚರ್ಮದ ಮೇಲಿನ ದೂಳು ಸೇರಿದರೂ ವರದಿ ಕೆಡುತ್ತದೆ. ಸೋಪು ಹಾಕಿ ಕೈ ತೊಳೆದೇ ಚುಚ್ಚಬೇಕು, ಹೆಚ್ಚು ಬಂದರೆ ರಕ್ತನಾಳದಿಂದ ತೆಗೆದು ಖಚಿತಪಡಿಸಿಕೊಳ್ಳಬೇಕು. ಕ್ಲಿನಿಕ್ಕುಗಳಲ್ಲಿ ಹೆಚ್ಚಾಗಿ ಬಳಸುವ ಸಣ್ಣ ಯಂತ್ರ 3.3ಕ್ಕಿಂತ ಕೆಳಗೆ ಅಳೆಯುವುದೇ ಇಲ್ಲ. ಸೀಸವನ್ನು ಹೊರತೆಗೆಯುವ ಔಷಧಿ ಕೊಡುವುದು 45 ದಾಟಿದ ಮೇಲೆ. ಅದಕ್ಕಿಂತ ಕೆಳಗಿದ್ದರೆ ಮೂಲ ಹುಡುಕುವುದೇ ಚಿಕಿತ್ಸೆ. ಹುಡುಕುವವರು ಊರಿನಿಂದ ತಂದ ಕಾಡಿಗೆ, ಕುಂಕುಮ, ಬಿಡಿಯಾಗಿ ಕೊಂಡ ಅರಿಶಿನ ಪುಡಿಯನ್ನೂ ಕೇಳುತ್ತಾರೆ. ಕೇಳುವುದಕ್ಕೆ ಕಾರಣವಿದೆ: ಹಳದಿ ಗಾಢವಾಗಲೆಂದು ಅರಿಶಿನಕ್ಕೆ ಸೀಸದ ಕ್ರೋಮೇಟ್ ಬೆರೆಸುವ ಕಲಬೆರಕೆ ನಮ್ಮ ಉಪಖಂಡದಲ್ಲಿ ನಡೆದುಬಂದಿದೆ.

ನಮ್ಮಲ್ಲಿ ಈ ವಿಷಯ ಎತ್ತಿದ ಊರುಗಳಲ್ಲಿ ಬೆಂಗಳೂರು ಮೊದಲಿನದು. 1999ರ ಫೆಬ್ರವರಿಯಲ್ಲಿ ಜಾರ್ಜ್ ಫೌಂಡೇಶನ್ ಇಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ನಡೆಸಿ, ದೊಡ್ಡ ನಗರಗಳಲ್ಲಿ ಪರೀಕ್ಷಿಸಿದ ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ 10ಕ್ಕಿಂತ ಹೆಚ್ಚು ಸೀಸವಿದೆ ಎಂದಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತುಪ್ಪಿಲ್ ವೆಂಕಟೇಶ್ ಈ ಕೆಲಸವನ್ನು ಮುಂದೆಯೂ ನಡೆಸಿದರು. 2000ದ ಫೆಬ್ರವರಿಯಿಂದ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಬಣ್ಣದ ನಿಯಮ ಬಂದದ್ದು 2016ರ ನವೆಂಬರ್‌ನಲ್ಲಿ, ಜಾರಿಯಾದದ್ದು ಒಂದು ವರ್ಷ ಬಿಟ್ಟು: ಒಣಗಿದ ಬಣ್ಣದಲ್ಲಿ ಹತ್ತು ಲಕ್ಷಕ್ಕೆ 90 ಪಾಲು. ಬೇಕೆಂದೇ ಸೀಸ ಹಾಕದಿದ್ದರೆ ಕಚ್ಚಾವಸ್ತುವಿನ ಕಲ್ಮಶದಿಂದ ಅಷ್ಟು ಬರುವುದಿಲ್ಲ. ಆದ್ದರಿಂದ 90 ಎಂದರೆ 'ಹಾಕಬೇಡಿ' ಎಂದೇ ಅರ್ಥ. ಡಬ್ಬದ ಮೇಲೂ ಅದನ್ನು ಬರೆದಿರಬೇಕು. ಆದರೆ ನಿಯಮದ ಹೆಸರಿನಲ್ಲೇ 'ಗೃಹಬಳಕೆಯ ಮತ್ತು ಅಲಂಕಾರಿಕ ಬಣ್ಣ' ಎಂದಿದೆ. ಕೈಗಾರಿಕಾ ಬಣ್ಣ ಹೊರಗುಳಿಯಿತು. ಪಾರ್ಕಿನ ಜಾರುಬಂಡೆ, ಉಯ್ಯಾಲೆಯ ಕಂಬಕ್ಕೆ ಯಾವ ಡಬ್ಬ ತೆರೆಯುತ್ತಾರೆ ಎಂಬುದನ್ನು ಟೆಂಡರಿನಲ್ಲಿ ಬರೆಸದ ಹೊರತು ಆ ಮಿತಿ ಅಲ್ಲಿಗೆ ತಲುಪುವುದಿಲ್ಲ.

ಹಳೆಯ ಬಣ್ಣಕ್ಕೆ ಹೊಸ ನಿಯಮ ಹೇಗೂ ತಲುಪುವುದಿಲ್ಲ. ಹಬ್ಬಕ್ಕೆ ಮುಂಚೆ ಕಿಟಕಿಯ ಆಯಿಲ್ ಪೇಂಟನ್ನು ಸ್ಯಾಂಡ್‌ಪೇಪರಿನಿಂದ ಉಜ್ಜುವಾಗ ಆಗುವುದನ್ನು ಅಮೆರಿಕದ ದೂಳಿನ ಮಾನದಂಡದಿಂದ ಅಳೆಯಬಹುದು. ಅಲ್ಲಿ 'ಸೀಸದ ಬಣ್ಣ' ಎನ್ನಿಸಿಕೊಳ್ಳಲು ಚದರ ಸೆಂಟಿಮೀಟರಿಗೆ 1 ಮಿಲಿಗ್ರಾಂ ಸೀಸವಿದ್ದರೆ ಸಾಕು, ಅಂದರೆ 1,000 ಮೈಕ್ರೋಗ್ರಾಂ. ಕೆಲಸ ಮುಗಿದ ಮೇಲೆ ನೆಲದಲ್ಲಿ ಉಳಿಯಬಹುದಾದದ್ದು, 2024ರ ನಿಯಮದಂತೆ, ಚದರ ಅಡಿಗೆ 5ಕ್ಕಿಂತ ಕಡಿಮೆ. ಹೆಬ್ಬೆರಳ ಉಗುರಿನಷ್ಟು ಬಣ್ಣ ಪುಡಿಯಾಗಿ ಹರಡಿದರೆ 200 ಚದರ ಅಡಿ ನೆಲ ಆ ಮಿತಿ ಮುಟ್ಟುತ್ತದೆ. ಹತ್ತು-ಹನ್ನೆರಡು ಅಡಿಯ ಕೋಣೆ ಬರೀ 120. ಆದ್ದರಿಂದ ಒಣಗಿದ ಬಣ್ಣ ಉಜ್ಜಬಾರದು, ಬೆಂಕಿಯಿಂದ ಸುಡಲೂಬಾರದು. ನೀರು ಚಿಮುಕಿಸಿ ಹೆರೆಯಬೇಕು, ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಸಿರಬೇಕು, ಮಕ್ಕಳೂ ಬಸುರಿಯರೂ ಮನೆಯಲ್ಲಿರಬಾರದು. ಪೊರಕೆ ಬೇಡ, ಅದು ದೂಳನ್ನು ಎಬ್ಬಿಸುತ್ತದೆ. ಒದ್ದೆ ಬಟ್ಟೆಯಿಂದ ಒರೆಸಬೇಕು. ಸೋಪುನೀರಿಗೊಂದು, ಬಟ್ಟೆ ತೊಳೆಯುವುದಕ್ಕೊಂದು ಬಕೆಟ್ ಬೇರೆ ಇರಬೇಕು, ಇಲ್ಲದಿದ್ದರೆ ಒರೆಸಿದ್ದನ್ನೇ ಮತ್ತೆ ಬಳಿದಂತೆ. ಅಲ್ಲಿ ತಪಾಸಣೆಗೆ ಬರುವವರು ಕೆಲಸ ಮುಗಿದು ಕನಿಷ್ಠ ಒಂದು ಗಂಟೆ ಕಾಯುತ್ತಾರೆ, ಗಾಳಿಯಲ್ಲಿರುವುದು ಕೆಳಗೆ ಕೂರಲಿ ಎಂದು. ನೆಲ ಒರೆಸಿದ ಬಟ್ಟೆಯ ಜೊತೆಗೆ ಕಿಟಕಿ ಸರಿಯುವ ತೋಡಿನಿಂದಲೂ ಒಂದು ಮಾದರಿ ತೆಗೆದುಕೊಳ್ಳುತ್ತಾರೆ. ತೆರೆದು ಮುಚ್ಚುವಾಗಲೆಲ್ಲ ಬಣ್ಣ ಅರೆಯುವುದು ಅಲ್ಲೇ.